ಮೂಸಿದ ಗುಲಾಬಿ

ಹೂವು ಕೈಗೆ ಬಂದೊಡನೆ ಮೂಗಿನ ಬಳಿಗೆ ಒಯ್ಯಬಾರದೆಂಬುದು ನಮ್ಮ ಮನೆಯಲ್ಲಿ ಅಕ್ಷರಾಭ್ಯಾಸಕ್ಕೂ ಮೊದಲು ಕಲಿಸುತ್ತಿದ್ದ ಪಾಠ. ಮೈಸೂರಿನ ನಮ್ಮ ಬೀದಿಗೆ ಬೆಳಗಿನ ಏಳಕ್ಕೆಲ್ಲ ಹೂವಾಡಗಿತ್ತಿ ಬರುತ್ತಿದ್ದಳು. ಅವಳು ಮೊಳ ಹಾಕಿ ಕೊಟ್ಟ ಸೇವಂತಿಗೆಯ ಪೊಟ್ಟಣವನ್ನು ಒಳಗೆ ತರುವ ಕೆಲಸ ನನ್ನದು. ಬೀದಿಬಾಗಿಲಿನಿಂದ ದೇವರ ಮನೆಯವರೆಗಿನ ಹದಿನೈದು ಹೆಜ್ಜೆಗಳನ್ನು ನಾನು ಉಸಿರು ಬಿಗಿಹಿಡಿದು ನಡೆಯುತ್ತಿದ್ದೆ. ಮೂಸಿದ ಹೂವು ದೇವರಿಗೆ ಸಲ್ಲದು. ಕಂಪನ್ನು ನಾವೇ ಮೊದಲು ಉಂಡು ಎಂಜಲನ್ನು ಅವನಿಗಿಟ್ಟಂತೆ ಎಂದು ಅಮ್ಮ ಹೇಳುತ್ತಿದ್ದರು. ನಿಮ್ಮಲ್ಲಿಯೂ ಅನೇಕರು ಹೀಗೆ ಉಸಿರು ಹಿಡಿದೇ ಬೆಳೆದವರಿರಬಹುದು. ಇಷ್ಟು ಹಗುರವಾದ ಒಂದು ನಿಯಮ ಮನುಷ್ಯನೊಡನೆ ಎಷ್ಟು ದೂರ ಬರಬಲ್ಲದು, ಬಂದು ಏನೆಲ್ಲ ಕೆಲಸಕ್ಕೆ ಒದಗಬಲ್ಲದು ಎಂಬುದನ್ನು ನಾನು ತಿಳಿದದ್ದು ಸಮುದ್ರ ದಾಟಿದ ಮೇಲೆ, ಮರಳುಗಾಡಿಗೆ ಬೆನ್ನು ಕೊಟ್ಟು ಕುಳಿತ ಪರ್ತ್ ನಗರದ ಒಂದು ವಿಶಾಲ ಹೂದೋಟದಲ್ಲಿ.

ಇಬ್ರಾಹಿಮನೂ ನಾನೂ ಮೈಸೂರಿನಲ್ಲಿ ಒಟ್ಟಿಗೆ ವೈದ್ಯಕೀಯ ಓದಿದವರು. ಒಂದೇ ಅಸ್ಥಿಪಂಜರದ ಮೂಳೆಗಳನ್ನು ಇಬ್ಬರೂ ಹಂಚಿಕೊಂಡು ಪರೀಕ್ಷೆಗೆ ಸಿದ್ಧರಾದವರು. 1973ರಲ್ಲಿ ನಾನು ನನ್ನ ಹೆಂಡತಿ ಶಾರದೆಯೊಡನೆ ಅಡಿಲೇಡಿನಲ್ಲಿ ಇಳಿದಾಗ ಅವನೂ ಅವನ ಹೆಂಡತಿ ಜುಬೇದಾ ಅವರೂ ಆಗಲೇ ಆ ಊರಿನ ಹೊರವಲಯದ ಸ್ಯಾಲಿಸ್‌ಬರಿಯಲ್ಲಿ ಸಂಸಾರ ಹೂಡಿದ್ದರು. ನಮಗೆ ಎರಡು ಬೀದಿ ಆಚೆ ಮನೆ ಹುಡುಕಿಕೊಟ್ಟವನು ಅವನು. ನನಗೆ ಕಾರು ಓಡಿಸಲು ಕಲಿಸಿದವನೂ ಅವನೇ. ನಾನು ಗೇರು ಬದಲಿಸಿದಾಗಲೆಲ್ಲ ಕಾರಿನೊಳಗಿನಿಂದ ಯಾರೋ ಹಲ್ಲು ಕೀಳಿಸಿಕೊಂಡಂಥ ಸದ್ದು ಬರುತ್ತದೆಂದು ಆಸ್ಪತ್ರೆಯಲ್ಲೆಲ್ಲ ಹೇಳಿಕೊಂಡು ತಿರುಗಿದವನೂ ಅವನೇ. ಜುಬೇದಾ ಅವರು ಹಿತ್ತಿಲಿನ ಗಟ್ಟಿ ಜೇಡಿಮಣ್ಣನ್ನು ಕುದುರೆ ಗೊಬ್ಬರದಿಂದ ಪಳಗಿಸಿ ಗುಲಾಬಿ ಬೆಳೆದಿದ್ದರು. ಶನಿವಾರ ಬಂತೆಂದರೆ ಅವರ ಕಾರು ನಮ್ಮ ಮನೆಯ ಮುಂದೆ ನಿಲ್ಲುತ್ತಿತ್ತು. ಅಷ್ಟು ದೂರದ ಊರಿನಲ್ಲಿ ಕನ್ನಡದಲ್ಲಿ ಜಗಳವಾಡಲು ಒಂದು ಮನೆ ಇತ್ತೆಂದರೆ ಅದು ಸಣ್ಣ ಭಾಗ್ಯವಲ್ಲ.

ಆ ಭಾಗ್ಯ 1979ರಲ್ಲಿ ಒಂದು ಮಾತನ್ನೂ ಹೇಳದೆ ಪರ್ತಿಗೆ ಹೊರಟುಹೋಯಿತು. ಸುದ್ದಿ ನನಗೆ ತಿಳಿದದ್ದು ಒಂದು ಬುಧವಾರ, ಆಸ್ಪತ್ರೆಯ ಕ್ಯಾಂಟೀನಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ನರ್ಸಿನ ಬಾಯಿಂದ. ಆ ಮೇಲೆ ನಾನು ಎರಡು ಯುಗಾದಿಗಳಿಗೆ ಕಾಗದ ಬರೆದೆ, ಎರಡಕ್ಕೂ ಉತ್ತರವಿಲ್ಲ. ಶಾರದೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದಾಗ ದೂರದ ಬ್ರಿಸ್ಬೇನಿನ ಪರಿಚಿತರಿಂದಲೂ ಫೋನು ಬಂತು, ಪರ್ತಿನಿಂದ ಬರಲಿಲ್ಲ. ಇಂಥವನ್ನು ಮರೆಯುವ ಔದಾರ್ಯ ನನ್ನಲ್ಲಿಲ್ಲವೆಂದು ನನ್ನನ್ನು ಬಲ್ಲವರೆಲ್ಲ ಬಲ್ಲರು. ವಾರ, ತಿಥಿ ಸಮೇತ ಅವು ನನ್ನ ನೆನಪಿನಲ್ಲಿ ನಿಲ್ಲುತ್ತವೆ. ನಿಲ್ಲಿಸಿಕೊಳ್ಳುವುದು ಒಂದು ಬಗೆಯ ಪ್ರಾಮಾಣಿಕತೆಯೆಂದೇ ನಾನು ಬಹಳ ಕಾಲ ನಂಬಿದ್ದೆ.

1986ರ ಸೆಪ್ಟೆಂಬರಿನಲ್ಲಿ ವೈದ್ಯರ ಸಮ್ಮೇಳನವೊಂದಕ್ಕೆ ನಾನು ಪರ್ತಿಗೆ ಹೋಗಬೇಕಾಯಿತು. ಶಾರದೆಯೂ ಜೊತೆಗೆ ಹೊರಟಳು. ನನಗೆ ತಿಳಿಸದೆ ನಂಬರು ಪತ್ತೆಮಾಡಿ ಇಬ್ರಾಹಿಮನಿಗೆ ಫೋನನ್ನೂ ಮಾಡಿದಳು. ಅವನು ಪರ್ತಿನ ಹೊರವಲಯದ ಕ್ಯಾನಿಂಗ್ ವೇಲ್‌ನಲ್ಲಿ ಸ್ವಂತ ಮನೆ ಕಟ್ಟಿಸಿದ್ದನಂತೆ. ಆದರೆ ಕರೆದದ್ದು ಮನೆಗಲ್ಲ. ದೊಡ್ಡ ತೋಟದಲ್ಲಿ ಹೂವು ಬಿಟ್ಟಿದೆ, ಬೆಳಿಗ್ಗೆ ಅಲ್ಲಿಗೇ ಬನ್ನಿ, ಅರ್ವೋ ನನಗೆ ಬೇರೆ ಕೆಲಸವಿದೆ ಎಂದನಂತೆ. ಅರ್ವೋ ಎಂದರೆ ಆಸ್ಟ್ರೇಲಿಯದವರ ಆಡುಮಾತಿನಲ್ಲಿ ಮಧ್ಯಾಹ್ನ. ಊಟದ ಹೊತ್ತನ್ನು ಎಷ್ಟು ನಾಜೂಕಾಗಿ ತಪ್ಪಿಸಿದ್ದಾನೆ ನೋಡು ಎಂದು ನಾನು ಶಾರದೆಗೆ ತೋರಿಸಿಕೊಟ್ಟೆ. ಅವಳು ಸೀರೆ ಮಡಿಸುತ್ತಿದ್ದಳು.

ಪರ್ತ್ ಮರಳಿನ ಮೇಲೆ ಕಟ್ಟಿದ ಊರು. ಅಂಗಳದಲ್ಲಿ ಗೇಣುದ್ದ ಅಗೆದರೆ ಕಡಲತೀರದಂಥ ಬಿಳಿಯ ಮರಳು. ಪೂರ್ವಕ್ಕೆ ಒಂದು ದಿನ ಕಾರು ಓಡಿಸಿದರೆ ಕೆಂಪು ನೆಲ, ಆಮೇಲೆ ಏನೂ ಇಲ್ಲ. ಇಂಥ ಊರಿನಲ್ಲಿ ನದಿಯ ಮೇಲಿನ ಗುಡ್ಡದುದ್ದಕ್ಕೂ, ಚಳಿಗಾಲದ ಮಳೆ ನಿಂತ ಕೂಡಲೇ, ಯಾರೋ ಕಂಬಳಿ ಹಾಸಿದಂತೆ ಹೂವು ಹಾಸಿಕೊಳ್ಳುತ್ತದೆ. ಕಾಂಗರೂವಿನ ಪಂಜದಂತೆ ಬೆರಳು ಚಾಚಿದ ಕೆಂಪು ಹಸಿರು ಹೂಗಳು, ಬಾಟಲಿ ತೊಳೆಯುವ ಬ್ರಷ್ಷಿನಂತಿರುವ ಹೂಗಳು, ನಮ್ಮ ಯಾವ ಹೂವಿಗೂ ನೆಂಟಸ್ತಿಕೆ ಹೇಳಲಾಗದ ಆಕಾರಗಳು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿಯವರು ಎವರ್‌ಲಾಸ್ಟಿಂಗ್ ಎಂದು ಕರೆಯುವ ಪುಟ್ಟ ಹೂವು, ಬಿಳಿ ಮತ್ತು ತಿಳಿಗುಲಾಬಿ ಬಣ್ಣಗಳಲ್ಲಿ, ಲಕ್ಷೋಪಲಕ್ಷ. ಅದರ ದಳವನ್ನು ಮುಟ್ಟಿದರೆ ಕಾಗದ ಮುಟ್ಟಿದಂತೆ ಸರಸರ ಎನ್ನುತ್ತದೆ. ಅದು ಅರಳುವಾಗಲೇ ಒಣಗಿದ ಹೂವು. ಬಾಡುವುದಕ್ಕೆ ಬೇಕಾದ ನೀರು ಅದರಲ್ಲಿ ಇಲ್ಲದಿರುವುದರಿಂದ ವರ್ಷಗಟ್ಟಲೆ ಬಣ್ಣಗೆಡದೆ ಇರುತ್ತದೆ. ಒಂದು ಕ್ಷಣ ನನಗೆ ಆ ಹೂವು ಬಹಳ ಪರಿಚಿತವೆನಿಸಿತು. ನನ್ನ ಕೋಪವೂ ಹಾಗೆಯೇ ಕೆಡದೆ ಉಳಿದಿತ್ತು, ಎದುರಿನವನ ಒಂದು ಮಾತಿನ ತೇವವೂ ಅದಕ್ಕೆ ತಾಗದೆ.

ಇಬ್ರಾಹಿಂ ಗೇಟಿನ ಬಳಿಯೇ ನಿಂತಿದ್ದ. ತಬ್ಬಿಕೊಳ್ಳಬೇಕೋ ಕೈಕುಲುಕಬೇಕೋ ಇಬ್ಬರಿಗೂ ತಿಳಿಯದೆ ಎರಡೂ ಅರ್ಧರ್ಧವಾದವು.

“ಏನಯ್ಯಾ, ತಲೆ ಪೂರಾ ನೆರೆತು ಹೋಗಿದೆಯಲ್ಲೋ,” ಎಂದ.

“ನಿನಗೆ ನೆರೆಯೋಕ್ಕಾದ್ರೂ ಏನು ಉಳಿದಿದೆ,” ಎಂದೆ. ಅವನು ಬೋಳುತಲೆ ಸವರಿಕೊಂಡು ನಕ್ಕ. ಜುಬೇದಾ ನಗಲಿಲ್ಲ. ಚೆನ್ನಾಗಿದ್ದೀರಾ ಅಣ್ಣ ಎಂದು ಕೇಳಿ, ಉತ್ತರಕ್ಕೆ ಕಾಯದೆ ಶಾರದೆಯ ಕಡೆ ತಿರುಗಿದರು.

ತೋಟದಲ್ಲಿ ನಡೆಯುವುದಕ್ಕೆ ಒಂದು ನಿಧಾನವಿದೆ. ಹೂವಿನೆದುರು ಯಾರೂ ಅವಸರ ಮಾಡಲಾರರು. ನಾವಿಬ್ಬರು ಮುಂದೆ, ಹೆಂಗಸರು ಹಿಂದೆ. ಹವೆ, ರಕ್ತದೊತ್ತಡದ ಹೊಸ ಗುಳಿಗೆ, ನಮ್ಮ ಪ್ರಶ್ನೆಗಳಿಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು, ಇವೇ ನಮ್ಮ ಮಾತು. ತಿರುಗಿ ನೋಡಿದಾಗ ಶಾರದೆ ಒಂದೊಂದು ಗಿಡದ ಮುಂದೆಯೂ ಬಗ್ಗಿ ಮೂಸುತ್ತಿದ್ದಳು. ಜುಬೇದಾ, ಗುಲಾಬಿಯ ಮೊಗ್ಗನ್ನು ಎಣಿಸಿ ಮಲಗುತ್ತಿದ್ದ ಜುಬೇದಾ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು.

ನೀವೂ ಮೂಸಿ ನೋಡಿ, ಇಲ್ಲಿ ಯಾವ ದೇವರಿಗೂ ಇಡಬೇಕಾಗಿಲ್ಲ ಎಂದಳು ಶಾರದೆ, ನಗುತ್ತ.

“ಹಂಗಂದ್ರೇನು ಶಾರದಕ್ಕ?”

ಶಾರದೆ ನಿಯಮ ಹೇಳಿದಳು. ಜುಬೇದಾ ದಾರಿಯ ಮಧ್ಯದಲ್ಲೇ ನಿಂತುಬಿಟ್ಟರು. ಆಮೇಲೆ, ಯಾರ ಮುಖವನ್ನೂ ನೋಡದೆ, ಎಂಟು ವರ್ಷದ ಹಿಂದಿನ ಒಂದು ಸಂಜೆಯ ವಿಷಯ ಹೇಳಿದರು. 1978ರ ದೀಪಾವಳಿ, ನಮ್ಮ ಮನೆಯ ಲಕ್ಷ್ಮೀಪೂಜೆ. ತಾವು ಬೆಳೆದ ಹನ್ನೆರಡು ಗುಲಾಬಿಗಳನ್ನು, ಮುಳ್ಳು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಪೂಜೆಗೆಂದೇ ತಂದಿದ್ದರು. ನಾನು ಅವನ್ನು ತೆಗೆದುಕೊಂಡು ದೇವರ ಮುಂದಿಡದೆ, ಹಾಲ್‌ನಲ್ಲಿ ಟೀವಿಯ ಮೇಲೆ ಸ್ಟೀಲು ಚೊಂಬಿನಲ್ಲಿಟ್ಟೆ. ಮಂಗಳಾರತಿ ಮುಗಿಯುವವರೆಗೂ ಅವು ಅಲ್ಲೇ ಇದ್ದವು. ನಮ್ಮ ಕೈಯ ಹೂವು ನಿಮ್ಮ ದೇವರಿಗೆ ಆಗದೆಂದು ತಿಳಿದುಕೊಂಡೆವು, ಅಷ್ಟೇ ಎಂದರು. ಅಂದಿನಿಂದ ಯಾರ ಮನೆಗೂ ಅವರು ಹೂವು ಒಯ್ದಿರಲಿಲ್ಲ. ಪರ್ತಿಗೆ ಬಂದಮೇಲೆ ಒಂದು ಗುಲಾಬಿಯನ್ನೂ ನೆಟ್ಟಿರಲಿಲ್ಲ.

ಆ ಸಂಜೆ ನನಗೂ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಹೊಸ್ತಿಲಲ್ಲಿ ಇಬ್ರಾಹಿಂ ಹೆಂಡತಿಯ ಕೈಯಿಂದ ಗೊಂಚಲು ಕಸಿದು, ಮೂಗನ್ನೆಲ್ಲ ಅದರೊಳಗೆ ಹುದುಗಿಸಿ, ಸೊಗಸಾಗಿ ಉಸಿರೆಳೆದಿದ್ದ. ನಾನು ಕಂಡಿದ್ದೆ. ಅದನ್ನೇ ಹೇಳಿದೆ. ಇಬ್ರಾಹಿಂ ಹಣೆ ಚಚ್ಚಿಕೊಂಡ.

“ಎಲ್ಲಾ ನನ್ನ ಮೂಗಿಂದ ಆಗಿದ್ದೇನೋ? ಒಂದು ಮಾತು ಹೇಳಬಾರದಿತ್ತೇನೋ ಪುಣ್ಯಾತ್ಮ?”

ನೀನಾದರೂ ಕೇಳಬಾರದಿತ್ತೇ ಎಂದೆ. ಶಾರದೆ ಕಣ್ಣೊರೆಸಿಕೊಂಡು ನಕ್ಕಳು. ಎಂಟು ವರ್ಷಗಳ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತೆಂಬ ಹಗುರದಲ್ಲಿ ಅವಳೂ ಇಬ್ರಾಹಿಮನೂ ಕಾಫಿ ತರುತ್ತೇವೆಂದು ಮರಗಳಾಚೆಯ ಅಂಗಡಿಗೆ ಹೊರಟರು. ಜುಬೇದಾ ಮತ್ತು ನಾನು ಬೆಂಚಿನ ಎರಡು ತುದಿಗಳಲ್ಲಿ ಕುಳಿತೆವು. ಅವರು ಆಗಲೂ ನಕ್ಕಿರಲಿಲ್ಲ.

ಮಿತ್ರರೇ, ಒಳ್ಳೆಯ ನೆನಪು ಒಂದು ವಿಚಿತ್ರ ಸೇವಕ. ಪರರ ತಪ್ಪುಗಳನ್ನು ಜೋಪಾನ ಮಾಡಲೆಂದೇ ನಾವು ಅದನ್ನು ಸಾಕಿರುತ್ತೇವೆ, ಆದರೆ ಅದು ನಾವು ಹೇಳಿದ್ದನ್ನು ಮಾತ್ರ ತಂದುಕೊಟ್ಟು ಸುಮ್ಮನಾಗುವುದಿಲ್ಲ. ಆ ಬೆಂಚಿನ ಮೇಲೆ ಅದು, ನಾನು ಕೇಳದಿದ್ದರೂ, ಅದೇ ಸಂಜೆಯ ಇನ್ನೊಂದು ಚಿತ್ರವನ್ನು ತಂದು ಮುಂದಿಟ್ಟಿತು. ಆಗ ನಮ್ಮೂರಿನಲ್ಲೇ ಇದ್ದು ಆಮೇಲೆ ಬ್ರಿಸ್ಬೇನಿಗೆ ಹೋದ, ನಮ್ಮವರೇ ಆದ ವಸಂತಾ ಎಂಬಾಕೆ ಅಂದು ಬೇಲಿಯ ಮೇಲಿನ ಮಲ್ಲಿಗೆಯಂಥ ಬಿಳಿ ಹೂವನ್ನು ತಂದಿದ್ದರು. ನಡುಮನೆಯಲ್ಲಿ ನಿಂತು, ಎಲ್ಲರೆದುರಿಗೆ ಅದನ್ನು ಮೂಸಿ, ನಮ್ಮ ಮಲ್ಲಿಗೆಯ ಮುಂದೆ ಇದೇನೂ ಅಲ್ಲ ಎಂದು ಮೂಗು ಮುರಿದು ನನ್ನ ಕೈಗಿತ್ತರು. ನಾನು ಅದನ್ನು ನೇರವಾಗಿ ಲಕ್ಷ್ಮಿಯ ಮುಂದಿಟ್ಟೆ. ಇರಲಿ, ಆಕೆಗೆ ಮರೆತಿರಬೇಕು ಎಂದುಕೊಂಡೆ. ಇಬ್ರಾಹಿಮನ ಗುಲಾಬಿ ಬಂದದ್ದು ಅದಾಗಿ ಹತ್ತು ನಿಮಿಷಕ್ಕೆ.

ನಿಯಮ ಸುಳ್ಳಾಗಿರಲಿಲ್ಲ. ಆದರೆ ಅಂದು ನನ್ನ ಕೈಯನ್ನು ಟೀವಿಯ ಕಡೆಗೆ ತಿರುಗಿಸಿದ್ದು ನಿಯಮವೊಂದೇ ಆಗಿರಲಿಲ್ಲ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಹಳೆಯ ಸ್ನೇಹ ಮರಳಿ ಕೈಗೆ ಬಂದಿತ್ತು, ಕಾಫಿ ಬರುವುದರಲ್ಲಿತ್ತು, ಮೂಗಿನ ಕಥೆಯನ್ನು ಹೇಳಿಕೊಂಡು ಇಬ್ರಾಹಿಂ ಉಳಿದ ಆಯುಷ್ಯವೆಲ್ಲ ನಗುತ್ತಿದ್ದ. ಹೇಳಿದರೆ ಇನ್ನು ಇವರನ್ನು ಎಂದೂ ಕಾಣಲಾರೆನೆಂಬ ಭಯ ನಿಜವಾಗಿಯೂ ಆಯಿತು. ಆದರೆ ಏಳು ವರ್ಷ ಇನ್ನೊಬ್ಬನ ಬುಧವಾರವನ್ನು ಮರೆಯದವನು ತನ್ನ ದೀಪಾವಳಿಯನ್ನು ಮರೆಯುವುದು ಹೇಗೆ?

ಹೇಳಿದೆ. ವಸಂತಾ, ಬಿಳಿ ಹೂವು, ಹತ್ತು ನಿಮಿಷ, ಎಲ್ಲವನ್ನೂ.

ಜುಬೇದಾ ಹೂವಿನ ಹಾಸಿನಿಂದ ಕಣ್ಣು ತಿರುಗಿಸಿ ನನ್ನನ್ನು ನೋಡಿದರು.

“ಗೊತ್ತು ಅಣ್ಣ. ತಾವು ಮೂಸಿದ್ದನ್ನೇ ನೀವು ಒಳಗಿಟ್ಟಿದ್ದು ಅಂತ ವಸಂತಾ ಅವರೇ ನನಗೆ ಅವತ್ತು ನಗ್ತಾ ಹೇಳಿದ್ರು. ಆಗ ನನಗೆ ಅದರ ಅರ್ಥ ಆಗಿರಲಿಲ್ಲ. ಈಗ ಶಾರದಕ್ಕ ಹೇಳಿದ ತಕ್ಷಣ ಜ್ಞಾಪಕ ಬಂತು. ನೀವು ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ.”

ಯಾಕೆ ಹಾಗೆ ಮಾಡಿದಿರಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಕೊಡಲು ನನ್ನಲ್ಲಿ ಉತ್ತರವಿತ್ತು, ಅದು ಒಳ್ಳೆಯ ಉತ್ತರವಾಗಿರಲಿಲ್ಲ. ತಪ್ಪಾಯಿತು ಎಂದೆ. ಆ ನಾಲ್ಕಕ್ಷರದ ಪದವನ್ನು ನಾನು ಬದುಕಿನಲ್ಲಿ ಬಹಳ ಸಲ ಬೇರೆಯವರಿಂದ ನಿರೀಕ್ಷಿಸಿದ್ದೇನೆ. ಹೇಳುವಾಗ ಅದು ಇಷ್ಟು ತಡವರಿಸುವ ಮಾತೆಂದು ಗೊತ್ತಿರಲಿಲ್ಲ.

“ಐದು ವರ್ಷ ಸ್ಯಾಲಿಸ್‌ಬರಿಲಿ ನಮ್ಮನೆಗೆ ಬಂದಾಗೆಲ್ಲ ನೀವು ಬಾಳೆಹಣ್ಣು ಬಿಟ್ಟು ಏನೂ ಮುಟ್ಟಲಿಲ್ಲ,” ಎಂದರು ಜುಬೇದಾ, ಮೆಲ್ಲಗೆ. “ಅದನ್ನ ಅಭ್ಯಾಸ ಅಂದ್ಕೊಂಡಿದ್ದೆ.” ಆಮೇಲೆ, “ಇವತ್ತು ಊಟಕ್ಕೆ ಮನೆಗೆ ಬನ್ನಿ. ಅನ್ನ, ಬೇಳೆ ಸಾರು, ಹುರುಳಿಕಾಯಿ ಪಲ್ಯ. ನಿಮಗೋಸ್ಕರ ಬೇರೆ ಪಾತ್ರೆ ಇಡಲ್ಲ. ಅದಕ್ಕೆ ಒಪ್ಪಿಗೆ ಇದ್ರೆ ಬನ್ನಿ,” ಎಂದರು.

ಇಬ್ರಾಹಿಮನ ಅರ್ವೋ ಕೆಲಸದ ಮಾತನ್ನು ಯಾರೂ ಎತ್ತಲಿಲ್ಲ. ಕ್ಯಾನಿಂಗ್ ವೇಲ್‌ನ ಆ ಹೊಸ ಮನೆಯ ಅಡುಗೆಮನೆಗೆ ಹೊಂದಿಕೊಂಡ ಮೇಜಿನ ಸುತ್ತ ನಾಲ್ವರಿಗೂ ಒಂದೇ ಬಗೆಯ ತಟ್ಟೆಗಳನ್ನಿಟ್ಟರು. ಶಾರದೆಗೆ, ನನಗೆ, ಇಬ್ರಾಹಿಮನಿಗೆ ಅನ್ನ ಬಡಿಸಿ, ಅದರ ಮೇಲೆ ಹೊಗೆಯಾಡುವ ಸಾರು ಹೊಯ್ದು, ಜುಬೇದಾ ಸೌಟು ಹಿಡಿದು ನನ್ನ ಪಕ್ಕದಲ್ಲೇ ನಿಂತರು. ನಾನು ಕಲಸಿ, ಮೊದಲ ತುತ್ತನ್ನು ಬಾಯಿಗಿಟ್ಟು, ನುಂಗುವವರೆಗೂ ನಿಂತೇ ಇದ್ದರು. ಆ ಮೇಲೆ ಸೌಟನ್ನು ಪಾತ್ರೆಯಲ್ಲಿಟ್ಟು, ಕುರ್ಚಿ ಎಳೆದುಕೊಂಡು ಕುಳಿತು, ತಮ್ಮ ತಟ್ಟೆಗೆ ಬಡಿಸಿಕೊಂಡರು.