ಹಂಸಾಬೆನ್ ಟೀ ಬಿಟ್ಟರು

"ಅಮ್ಮಾ, ಹಂಸಾ ಆಂಟಿ ಚಾಯ್ ಬಿಟ್ಬಿಟ್ರು! ಫುಲ್ ಬಂದ್!"

ಶಾಲೆಯಿಂದ ಬಂದ ಮಗಳು ಬ್ಯಾಗ್ ಎಸೆದು ಕೊಟ್ಟ ಬ್ರೇಕಿಂಗ್ ನ್ಯೂಸ್ ಇದು. (ವಸ್ತ್ರಾಪುರದಲ್ಲೇ ಬೆಳೆದವಳು. ಅವಳ ಕನ್ನಡ ಹೀಗೆಯೇ. ತಿದ್ದಿ ತಿದ್ದಿ ನನಗೇ ಸಾಕಾಗಿದೆ.)

ನಾನು ನಂಬಲಿಲ್ಲ. ಹಂಸಾಬೆನ್ ನಮ್ಮ ಎದುರು ಫ್ಲಾಟಿನವರು. ಬೆಳಗ್ಗೆ ಟೀ ಕುಡಿಯದೆ ದೇವರಿಗೂ ದೀಪ ಹಚ್ಚುವವರಲ್ಲ. ಶುಂಠಿ, ಪುದೀನ ಕುಟ್ಟಿ ಹಾಕಿದ ಟೀಯನ್ನು ಸಾಸರಿಗೆ ಸುರಿದು ಅವರು ಸೊರ್ರೆಂದು ಹೀರುವ ಸದ್ದು ನಮ್ಮ ಹಾಲ್‌ಗೇ ಕೇಳಿಸುತ್ತದೆ. ಅಂಥವರು ಟೀ ಬಿಡುವುದೆಂದರೇನು?

ವಿಷಯ ಇಷ್ಟು. ನೇಪಾಳದಲ್ಲಿ ಭೂಕಂಪವಾಗಿತ್ತು. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಪ್ರೇಮ್ ಅಲ್ಲಿಯ ಬೆಟ್ಟದ ಹಳ್ಳಿಯವನು. ಹೆಂಡತಿ, ಪುಟ್ಟ ಮಗಳು ಅಲ್ಲೇ ಇದ್ದರು. ಫೋನ್ ಮಾಡಿದರೆ ಸ್ವಿಚ್ಡ್ ಆಫ್. ರಸ್ತೆ ಕುಸಿದಿದೆ, ಹೊರಟರೂ ಊರು ತಲುಪುವಂತಿಲ್ಲ. ಪಾಪ, ಗೇಟಿನ ಬಳಿ ಕೂತು ಮೊಬೈಲನ್ನೇ ನೋಡುತ್ತಿದ್ದ. ಅವರಿಬ್ಬರೂ ಸಿಗುವವರೆಗೆ ಟೀ ಮುಟ್ಟುವುದಿಲ್ಲ ಎಂದು ಹಂಸಾಬೆನ್ ದೇವಿಯ ಮುಂದೆ ‘ಬಾಧಾ’ ಇಟ್ಟುಕೊಂಡಿದ್ದರು.

ಬಾಧಾ ಅಂದರೆ ಇಲ್ಲಿಯ ಗುಜರಾತಿಗಳ ಹರಕೆ. ನಮ್ಮದು ಗೊತ್ತಲ್ಲ? ಮೊದಲು ಕೆಲಸ ಆಗಲಿ ಸ್ವಾಮಿ, ಆಮೇಲೆ ಈಡುಗಾಯಿ ಒಡೆಯುತ್ತೇನೆ! ಇವರದು ಪೂರ್ತಿ ಅಡ್ವಾನ್ಸ್ ಪೇಮೆಂಟ್.

ನನಗೆ ನಗು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಭೂಮಿ ನಡುಗಿದ್ದು ನೇಪಾಳದಲ್ಲಿ, ಟೀ ಬಂದ್ ಆಗಿದ್ದು ವಸ್ತ್ರಾಪುರದಲ್ಲಿ. ಪ್ರಾರ್ಥನೆ ಸಾಕು, ಸಹಾಯ ಬೇಕು ಅನ್ನುವ ಪಾರ್ಟಿ ನಾನು.

ಸಹಾಯಕ್ಕೆ ಹೊರಟೂ ಬಿಟ್ಟೆ. ಬೀರು ತೆಗೆದು ಹಳೆಯ ಸೀರೆ, ಬಣ್ಣಗೆಟ್ಟ ಬೆಡ್‌ಶೀಟು, ಯಜಮಾನರಿಗೆ ಟೈಟಾದ ಪ್ಯಾಂಟುಗಳನ್ನೆಲ್ಲ ಗಂಟು ಕಟ್ಟಿ ಕೆಳಗಿಳಿದೆ. ಪಾರ್ಕಿಂಗ್‌ನಲ್ಲಿ ನೇಪಾಳಕ್ಕೆ ಹೋಗುವ ಸಾಮಾನು ಪ್ಯಾಕ್ ಮಾಡುತ್ತಿದ್ದವರು ಯಾರು ಅಂತೀರಿ? ಟೀ ಇಲ್ಲದ ತಲೆನೋವಿಗೆ ಹಣೆಗೆ ಬಟ್ಟೆ ಬಿಗಿದುಕೊಂಡ ಅದೇ ಹಂಸಾಬೆನ್! ನನ್ನ ಗಂಟು ಬಿಚ್ಚಿ ನೋಡಿದರು.

"ಇದು ಸಹಾಯ ಅಲ್ಲ ಬೇಟಾ, ದೀಪಾವಳಿ ಕ್ಲೀನಿಂಗು!"

ಅವರು ಕೊಟ್ಟ ಕಂಬಳಿಗಳ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ನಾನು ತೆಪ್ಪಗೆ ಮೇಲೆ ಹೋಗಿ, ನೆಂಟರಿಗೆಂದು ಎತ್ತಿಟ್ಟಿದ್ದ ಹೊಸ ರಜಾಯಿ ತಂದುಕೊಟ್ಟೆ. (ಕೊಡುವ ಮುನ್ನ ಒಮ್ಮೆ ಸವರಿ ನೋಡಿದ್ದು ನಿಜ.)

ಕೆಲವು ದಿನ ಹೀಗೇ ಕಳೆಯಿತು. ಒಂದು ಬೆಳಗ್ಗೆ ಕೆಳಗಿನಿಂದ ಕೂಗು. "ಬಾ! ಮಿಲ್ ಗಯೇ!" ಪ್ರೇಮ್ ಹಂಸಾಬೆನ್‌ರನ್ನು ‘ಬಾ’ ಅನ್ನುತ್ತಾನೆ, ಅಮ್ಮ ಎಂದರ್ಥ. ಯಾರದೋ ಫೋನಿಂದ ಹೆಂಡತಿ ಮಾತಾಡಿದ್ದಳು. ಇಬ್ಬರೂ ಕ್ಷೇಮ. ಅವನು ಗೇಟಿನ ಹತ್ತಿರ ಕುಕ್ಕರಿಸಿ ಕೂತು ಅಳುತ್ತಿದ್ದ. ನಾವೆಲ್ಲ ಅತ್ತೆವು. ನಾಚಿಕೆ ಏನು ಬಂತು, ಚೆನ್ನಾಗಿಯೇ ಅತ್ತೆವು.

ನಾನು ಮೇಲೆ ಓಡಿ ಶುಂಠಿ ಹಾಕಿ ಟೀ ಕಾಯಿಸಿ ತಂದೆ. "ಕುಡೀರಿ ಹಂಸಾಬೆನ್, ಹರಕೆ ತೀರ್ತಲ್ಲ!"

ಅವರು ಕಪ್ ತೆಗೆದುಕೊಂಡು ಮೂಸಿದರು. ಕಣ್ಣು ಮುಚ್ಚಿ, ಆಹಾ ಅಂದರು. ಆಮೇಲೆ ಅದನ್ನು ಪ್ರೇಮ್ ಕೈಗಿಟ್ಟರು.

"ಊರಲ್ಲಿ ಇವನ ಪಕ್ಕದ ಮನೆಯ ಅಜ್ಜಿ, ಮೊಮ್ಮಗ ಇನ್ನೂ ಸಿಕ್ಕಿಲ್ವಂತೆ. ಅವರು ಸಿಗಲಿ, ಕುಡೀತೀನಿ."

ನನಗೆ ರೇಗಿತು. "ಅವರು ಯಾರೋ ಏನೋ! ಅವರಿಗೆ ನಿಮ್ಮ ಹೆಸರಾದ್ರೂ ಗೊತ್ತಾ?"

ಹಂಸಾಬೆನ್ ಬೇಜಾರು ಮಾಡಿಕೊಳ್ಳಲಿಲ್ಲ. "ಇಲ್ಲಿ ಭೂಕಂಪ ಆದಾಗ ನಮ್ಮನೆ ಬಿತ್ತು. ಕೂಸನ್ನು ಎತ್ಕೊಂಡು ಮೈದಾನದ ಟೆಂಟಲ್ಲಿ ಇದ್ದೆ. ಟೆಂಟಿನ ಮೇಲೆ ಏನೋ ಬರೆದಿತ್ತು. ಯಾವ ದೇಶದ ಅಕ್ಷರವೋ, ನಮ್ಮಲ್ಲಿ ಯಾರಿಗೂ ಓದೋಕೆ ಬರ್ಲಿಲ್ಲ. ಅದನ್ನ ಕಳಿಸಿದವರಿಗೆ ನನ್ನ ಹೆಸರು ಗೊತ್ತಿತ್ತಾ, ಬೇಟಾ?"

ಎಷ್ಟು ವರ್ಷದಿಂದ ಎದುರು ಬದುರು ಇದ್ದೇವೆ, ಎಷ್ಟು ಹರಟಿದ್ದೇವೆ! ಇಷ್ಟು ದೊಡ್ಡ ಮನಸ್ಸಿನ ಹೆಂಗಸು ನಮ್ಮ ಎದುರಿಗಿದ್ದಾರೆಂದು ನನಗೆ ತಿಳಿದೇ ಇರಲಿಲ್ಲ.

ಹಂಸಾಬೆನ್ ಇವತ್ತಿಗೂ ಟೀ ಮುಟ್ಟಿಲ್ಲ. ಆ ಅಜ್ಜಿಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

ಹಾಗಾದರೆ ನೀವೇ ಹೇಳಿ, ನಮಗೆ ಗೊತ್ತೇ ಆಗದಂತೆ, ನಮಗಾಗಿ ಯಾರು ಯಾರು ಏನೇನು ಬಿಟ್ಟು ಕೂತಿದ್ದರೋ?