ಗಾಜಿಗೋ ಕಾಲಿಗೋ

ನಮ್ಮ ವ್ಯಾನಿನಲ್ಲಿ ಬಿಸಿಗಾಳಿಗೆ ಇದ್ದದ್ದು ಒಂದೇ ಹಿಡಿ. ಮೇಲೆ ತಳ್ಳಿದರೆ ಗಾಳಿ ಮುಂದಿನ ಗಾಜಿಗೆ, ಕೆಳಗೆ ಎಳೆದರೆ ಕಾಲಿಗೆ. ಗಾಜಿಗೆ ಬಿಟ್ಟರೆ ಪಕ್ಕದಲ್ಲಿ ಕೂತ ನನ್ನ ಗಂಡ ಚಳಿಗೆ ನಡುಗುತ್ತಿದ್ದರು; ಕಾಲಿಗೆ ಬಿಟ್ಟರೆ ಗಾಜಿಗೆ ಮಂಜು ಹಿಡಿದು ನನಗೆ ರಸ್ತೆಯೇ ಕಾಣುತ್ತಿರಲಿಲ್ಲ.

ಊರೂರು ಸುತ್ತಬೇಕೆಂದು ಅವರು ಆ ಹಳೇ ವ್ಯಾನು ಕೊಂಡು, ಒಳಗೆ ಮಂಚ, ಒಲೆ ಎಲ್ಲ ಕೂರಿಸಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ಅದು ಕುಪ್ಪಗಡ್ಡೆಯಿಂದ ಶಿಕಾರಿಪುರಕ್ಕೆ ಡಯಾಲಿಸಿಸ್‌ಗೆ ಹೋಗುವ ಗಾಡಿಯಾಯಿತು. ಸಿಕ್ಕಿದ್ದು ಬೆಳಗ್ಗಿನ ಸರದಿ. ತಪ್ಪಿದರೆ ಮೈಯೆಲ್ಲ ನೀರು ತುಂಬಿ ಉಸಿರು ಕಟ್ಟುತ್ತಿತ್ತು. ಚಳಿಗಾಲದ ಆ ಮಂಜಿನಲ್ಲಿ ಸ್ಟಿಯರಿಂಗ್ ಹಿಡಿದವಳು ನಾನು.

ಮಾಡದ ಉಪಾಯವಿಲ್ಲ. ಸೊರಬದ ಮೆಕ್ಯಾನಿಕ್ ಬಿಸಿಗಾಳಿಯ ಪೈಪು ಬದಲಿಸಿದ, ಹೊಸ ಫ್ಯಾನು ಹಾಕಿದ. ಬಾಗಿಲ ಸಂದಿಗೆಲ್ಲ ನಾನೇ ರಬ್ಬರ್ ಅಂಟಿಸಿದೆ. ಯಾರೋ ಹೇಳಿದರೆಂದು ಗಾಜಿಗೆ ಆಲೂಗಡ್ಡೆ ಹೋಳನ್ನೂ ತಿಕ್ಕಿದೆ. ಕಾಲಿಗೇನೋ ಬಿಸಿ ಬಂತು, ಗಾಜಿಗೆ ಮಾತ್ರ ಇಲ್ಲ. ಹೇಳಿದವರನ್ನೂ ಆಲೂಗಡ್ಡೆಯನ್ನೂ ಸೇರಿಸಿ ಬೈದೆ.

ಒಂದು ಬೆಳಗ್ಗೆ ತಾಳಗುಂದದ ಹತ್ತಿರ ಗಾಜು ಪೂರ್ತಿ ಮುಚ್ಚಿಕೊಂಡಿತು. ನಾನು ಕಾಲಿಗೆ ಎಳೆದಿಟ್ಟಿದ್ದ ಹಿಡಿಯನ್ನು ಅವರು ಸದ್ದಿಲ್ಲದೆ ಮೇಲೆ ತಳ್ಳಿದರು. ಅವರ ಹಲ್ಲು ಕಟಕಟ ಅನ್ನುತ್ತಿತ್ತು.

“ಈಗ ಕಾಣ್ತದೇನೇ?”

“ಎಂತ ಕಾಣ್ತದೆ ಮಣ್ಣು! ನಿಮ್ಗೆ ಚಳಿ ಆಗ್ತದೆ, ಕೆಳಗೆ ಎಳೀರಿ.”

“ನನ್ನ ಕಾಲು ಬೆಚ್ಚಗಿಟ್ಕೊಂಡು ಇಬ್ರೂ ಚರಂಡಿಗೆ ಬೀಳೋಣೇನು?”

ಅಷ್ಟರಲ್ಲಿ ಎಡಚಕ್ರ ಮೆಕ್ಕೆಜೋಳದ ಹೊಲದ ಅಂಚಿಗೆ ಇಳಿದೇಬಿಟ್ಟಿತು. ಬ್ರೇಕ್ ತುಳಿದೆ. ಹೆದರಿಕೆಗೆ ಅಳು ಬಂತು, ಅಳುವಿನ ಬೆನ್ನಿಗೇ ಸಿಟ್ಟು. ಡ್ಯಾಶ್‌ಬೋರ್ಡಿನ ಮೇಲಿದ್ದ ದೇವರ ಪಟಕ್ಕೆ “ನೀನಾದ್ರೂ ಕಣ್ಣು ಬಿಡಬಾರ್ದಾ” ಎಂದು ಬೈದು, ಅದನ್ನು ಕಿತ್ತು ಅವರ ಮಡಿಲಿಗೆ ಹಾಕಿದೆ. ಪಟದ ಕೆಳಗೆ ಗಾಜಿಗೆ ಗಾಳಿ ಬರುವ ಸೀಳು. ಅದರ ತುಂಬ ಕೆಂಪು ಗಟ್ಟಿ. ತಲೆಯ ಪಿನ್ನು ತೆಗೆದು ಚುಚ್ಚಿದೆ. ಅಕ್ಷತೆ, ಎಣ್ಣೆ ಹಿಡಿದ ಕುಂಕುಮ, ಒಣಗಿದ ಚೆಂಡುಹೂವಿನ ಎಸಳು. ವರ್ಷ ವರ್ಷವೂ ಆಯುಧಪೂಜೆಗೆ ಇವರೇ ಭಕ್ತಿಯಿಂದ ಸುರಿದದ್ದು. ಕೆದಕುತ್ತಾ ಹೋದಂತೆ ಬಿಸಿಗಾಳಿ ಬುಸ್ಸೆಂದು ಎದ್ದು ಕುಂಕುಮವೆಲ್ಲ ನನ್ನ ಮುಖಕ್ಕೆ ಹಾರಿತು. ಗಾಜು ಬುಡದಿಂದ ತಿಳಿಯಾಗತೊಡಗಿತು. ಹಿಡಿಯನ್ನು ನಡುವೆ ನಿಲ್ಲಿಸಿದರೆ ಇಬ್ಬರಿಗೂ ಸಾಕಾಗುವಷ್ಟು ಬಿಸಿ ಬಂತು. ಅಂದು ಸರದಿ ತಪ್ಪಲಿಲ್ಲ.

ಈ ಸಲದ ಆಯುಧಪೂಜೆಯ ಹೊತ್ತಿಗೆ ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ. ಸೀಟಿನಲ್ಲಿ ಕೂತೇ, ಅಕ್ಷತೆ ಹಿಡಿದ ಕೈಯನ್ನು ಅಭ್ಯಾಸಬಲದಿಂದ ಆ ಸೀಳಿನತ್ತ ಚಾಚಿದರು. ನಾನು ತಟ್ಟನೆ ಹಿಡಿದುಕೊಂಡೆ.

“ಅಲ್ಲಿ ಬ್ಯಾಡ್ರಿ. ನನ್ನ ತಲೆ ಮೇಲೆ ಹಾಕಿ.”

ತಲೆ ಬಗ್ಗಿಸಿದೆ. ಗಂಡನಿರುವ ಹೆಂಗಸಿಗೆ ಅಕ್ಷತೆ ಹಾಕುವವರು ಹೇಳುವುದು ಒಂದೇ ಮಾತು, ದೀರ್ಘಸುಮಂಗಲಿಯಾಗು ಎಂದು.

“ಹೇಳ್ರಿ. ಹೇಳೋ ತನಕ ತಲೆ ಎತ್ತೂದಿಲ್ಲ.”

ಹಿಡಿದಿದ್ದ ಅಕ್ಷತೆಯೆಲ್ಲ ನನ್ನ ತಲೆ ಮೇಲೆ ಉದುರಿ ಮುಗಿಯಿತು. ಅವರ ಬಾಯಿಂದ ಆ ಮಾತು ಹೊರಡಲಿಲ್ಲ.