ಮೈಕಿನ ಮುಂದೆ ಅಕ್ಕನ ಬಳೆ

ಹೈದರಾಬಾದಿನ ರೇಡಿಯೋ ಸ್ಟೇಷನ್ನಿನ ಚರಿತ್ರೆಯನ್ನು ಬಲ್ಲವರು ಬರೆಯಲಿ. ನಿಜಾಮರ ಕಾಲದಲ್ಲಿ ಅದು ಹೇಗಿತ್ತು, ಆಮೇಲೆ ಯಾರ ಕೈಗೆ ಬಂತು ಎಂಬುದೆಲ್ಲ ಅವರಿಗೆ ಬಿಟ್ಟದ್ದು. ದಿನವಿಡೀ ಬೇರೆ ಭಾಷೆ ಆಡಿ ತುಸು ಹೊತ್ತು ಕನ್ನಡಕ್ಕೆ ಬಾಯಿ ತೆರೆಯುತ್ತಿದ್ದ ಆ ಸ್ಟೇಷನ್ನಿನೊಳಗೆ ನಾನು ಕಾಲಿಟ್ಟದ್ದು ಒಂದೇ ಸಲ. ಅದೂ ಜಗಳ ಮಾಡಿ ಬಂದೆ.

ಹಾಡಬೇಕಾಗಿದ್ದವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ನಿಜಾಮರ ಆಳ್ವಿಕೆಯ ಕೊನೆಯ ಗದ್ದಲದ ವರ್ಷ ಊರ ಕೆಲವರ ಜೊತೆ ಸೊಲ್ಲಾಪುರದ ಕಡೆ ಹೋದ ಭಾವ, ಪೊಲೀಸ್ ಆ್ಯಕ್ಷನ್ ಮುಗಿದು ಉಳಿದವರೆಲ್ಲ ಮರಳಿದರೂ ಬರಲಿಲ್ಲ. ಇದ್ದಾರೆ ಎನ್ನುವವರಿಲ್ಲ, ಸತ್ತರು ಎನ್ನುವವರೂ ಇಲ್ಲ. ಸೇಡಂನ ನಮ್ಮ ಮನೆಗೆ ಬಳೆಗಾರ ಬಂದಾಗಲೆಲ್ಲ ಅತ್ತೆ ಏನಾದರೊಂದು ನೆಪ ಹೇಳಿ ಅಕ್ಕನನ್ನು ಒಳಗೆ ಕಳಿಸಿಬಿಡುತ್ತಿದ್ದರು. ಬಳೆ ತೆಗೆ ಎನ್ನಲು ಅವರಿಗೆ ಬಾಯಿ ಬರಲಿಲ್ಲ, ಹೊಸದು ತೊಡು ಎನ್ನಲು ಧೈರ್ಯ ಬರಲಿಲ್ಲ. ಹಳೆಯ ಹಸಿರು ಬಳೆಗಳು ಒಡೆದೊಡೆದು ಅಕ್ಕನ ಕೈಗೆ ಎರಡೆರಡು ಉಳಿದಿದ್ದವು. ನೀರು ಸೇದುವಾಗಲೂ ಆಕೆ ಅವುಗಳನ್ನು ಕೂಸಿನಂತೆ ಜೋಪಾನ ಮಾಡುತ್ತಿದ್ದಳು.

ನಮ್ಮ ಓಣಿಯ ಮದುವೆಗೆ ಬಂದಿದ್ದ ಸ್ಟೇಷನ್ನಿನ ಕನ್ನಡದವರೊಬ್ಬರು, ನಸುಕಿನಲ್ಲಿ ಅಕ್ಕ ಬೀಸುತ್ತ ಹಾಡಿದ್ದನ್ನು ಕೇಳಿ ರೇಡಿಯೋಕ್ಕೆ ಕರೆದರು. ಅತ್ತೆ ಒಪ್ಪುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಕ್ಕ ಒಂದೇ ಮಾತು ಹೇಳಿದಳು.

“ಅವ್ರು ಎಲ್ಲೇ ಇದ್ರೂ ಕಿವಿಗಿ ಬೀಳಬಹುದು, ಅತ್ತಿ. ಹೋಗಿ ಬರ್ತೀನ್ರಿ.”

ಅತ್ತೆ ರೊಟ್ಟಿ ಬುತ್ತಿ ಕಟ್ಟಿಕೊಟ್ಟರು. ಜೊತೆಗೆ ನಾನೂ ರೈಲು ಹತ್ತಿದೆ.

ಸ್ಟೇಷನ್ನಿನ ಕೋಣೆಯಲ್ಲಿ ಗೋಡೆಗೆಲ್ಲ ದಪ್ಪ ಬಟ್ಟೆ. ಹಾಡಿದ್ದು ಹಾಡಿದ ಹಾಗೇ ಊರೂರಿಗೆ ಹೋಗುತ್ತದೆ, ತಪ್ಪಿದರೆ ತಿದ್ದಲು ಬರುವುದಿಲ್ಲ ಎಂದರು. ಅದಕ್ಕೆ ಮೊದಲೊಮ್ಮೆ ಹಾಡಿ ನೋಡಬೇಕಿತ್ತು. ಬೀಸುಕಲ್ಲಿಲ್ಲದೆ ಅಕ್ಕನಿಗೆ ಹಾಡೇ ನೆನಪಾಗಲೊಲ್ಲದು. ಕೊನೆಗೆ ಜಮಖಾನೆಯ ಮೇಲೆ ಕುಳಿತು, ಕಲ್ಲಿನ ಗೂಟ ಹಿಡಿದವಳಂತೆ ಬರಿಗೈ ತಿರುಗಿಸಿದಳು. ಹಾಡು ಬಂತು, ಬಳೆಯ ಸಪ್ಪಳವೂ ಬಂತು. ನಮ್ಮನ್ನು ಕರೆದಿದ್ದ ಆ ಸಾಹೇಬರು ಓಡಿ ಬಂದರು.

“ಅವ್ವಾರೇ, ಬಳಿ ತೆಗೆದಿಡ್ರಿ. ಮೈಕಿನ್ಯಾಗ ಭಾಳ ಸಪ್ಪಳ ಕೇಳಸ್ಲಿಕತ್ತದ.”

ನನಗೆ ಎಲ್ಲಿತ್ತೋ ಸಿಟ್ಟು. “ಊರ ಮಂದಿ ಹೇಳಿದ್ರೂ ತೆಗಿಲಿಲ್ಲ ಆಕಿ. ನಿಮ್ಮ ಮೈಕಿನ ಸಲುವಾಗಿ ತೆಗೀಬೇಕೇನ್ರಿ?” ಎಂದುಬಿಟ್ಟೆ. ಭಾವನ ಸಂಗತಿಯನ್ನೂ ಅದೇ ಉಸಿರಿನಲ್ಲಿ ಹೇಳಿದೆ.

ಪಾಪ, ಅವರಿಗೇನು ಗೊತ್ತು. ಮುಖ ಸಣ್ಣದಾಯಿತು. ಜೇಬಿನಿಂದ ಮುಖ ಒರೆಸುವ ದಸ್ತಿ ತೆಗೆದು, “ಹಂಗಾದ್ರ ಇದನ್ನ ಬಳಿ ಮ್ಯಾಲ ಸುತ್ಕೊಳ್ರಿ” ಎಂದರು. ಅಕ್ಕ ಅದನ್ನು ಮುಟ್ಟಲಿಲ್ಲ.

“ಬ್ಯಾಡ್ರಿ. ಹಾಡು ಯಾರರ ಹಾಡ್ತಾರ. ನಸಕಿನ್ಯಾಗ ಅವ್ರು ಈ ಸಪ್ಪಳಕ್ಕೇ ಏಳ್ತಿದ್ರು. ಇದು ಕೇಳಿದ್ರ ನಾನೇ ಅಂತ ಗುರ್ತ ಹಿಡೀತಾರ.”

ಅವರು ದಸ್ತಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಮೈಕನ್ನು ಆಕೆಯ ಕೈಯ ಕಡೆಗೇ ಬಗ್ಗಿಸಿದರು. “ಹಾಡ್ರಿ ತಾಯಿ. ಮ್ಯಾಲಿನವ್ರು ಕೇಳಿದ್ರ ನಾ ಹೇಳ್ಕೋತೀನಿ” ಎಂದರು.

ಆ ಸಂಜೆ ಸೇಡಂನ ಚಾವಡಿಯಲ್ಲಿ, ಬ್ಯಾಟರಿಯ ರೇಡಿಯೋದ ಮುಂದೆ ಅತ್ತೆ ಸೆರಗು ಹೊದ್ದು ಕೂತಿದ್ದರಂತೆ. ಬಳೆಯ ಸಪ್ಪಳ ಕೇಳಿದ್ದೇ ತಡ, ಪಕ್ಕದಲ್ಲಿದ್ದ ನನ್ನ ಗಂಡನ ರಟ್ಟೆ ಹಿಡಿದವರು ಹಾಡು ಮುಗಿಯುವ ತನಕ ಬಿಡಲಿಲ್ಲವಂತೆ. ನಾವು ಮರಳಿದಾಗ ಬಿಸಿ ಅನ್ನ ಬಡಿಸಿದರು.

ಭಾವ ಆಮೇಲೂ ಬರಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಮುಂದಿನ ಸಲ ಬಳೆಗಾರ ಕಟ್ಟೆಗೆ ಬಂದು ಗಂಟು ಬಿಚ್ಚಿದಾಗ, ಅಕ್ಕ ರೂಢಿಯಂತೆ ತಾನಾಗಿಯೇ ಎದ್ದು ಒಳಗೆ ಹೊರಟಿದ್ದಳು.

“ಎಲ್ಲಿಗಿ ನಡದಿ? ಬಾ, ಮೊದಲ ನೀ ಕುಂದ್ರು,” ಎಂದರು ಅತ್ತೆ.

ಬಳೆಗಾರ ಅತ್ತೆಯ ಮುಖ ನೋಡಿದ. ಅತ್ತೆ ಅಕ್ಕನ ಕೈಯನ್ನು ತಾವೇ ಹಿಡಿದು ಅವನ ಮುಂದೆ ಚಾಚಿದರು.

“ಕೈ ತುಂಬ ಇಡಪಾ. ಸಪ್ಪಳ ದೂರ ಕೇಳೋವಂಥವು ಇಡು.”